ನಾಲ್ಕನೇ ಜ್ವರದಲ್ಲಿ ಕಾನ್‌ಸ್ಟಾಂಟಿನೋಪಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ವೀಸಾ ಕೇಂದ್ರದ್ದಲ್ಲ, ಏಜೆಂಟ್ ಮುನಿರಾಜಣ್ಣನದಲ್ಲ, ರೇಷ್ಮೆಹುಳದ್ದಂತೂ ಅಲ್ಲವೇ ಅಲ್ಲ. ಆ ಮಂಗಳವಾರ ಮಧ್ಯಾಹ್ನ ನಮ್ಮಮ್ಮನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋನು ಬಂತಲ್ಲ, ಅದನ್ನು ಮಾಡಿದವನು ನಾನು. ಈ ಮಾತನ್ನು ಮನೆಯವರ ಮುಂದೆ ಹೇಳಲು ನನಗೆ ಇಪ್ಪತ್ತು ದಿನ ಬೇಕಾಯಿತು. ನಿಮ್ಮ ಮುಂದೆ ಮೊದಲ ಸಾಲಿನಲ್ಲೇ ಹೇಳುತ್ತಿದ್ದೇನೆ. ಅಷ್ಟರಮಟ್ಟಿಗೆ ಸುಧಾರಿಸಿದ್ದೇನೆ ಎಂದು ತಿಳಿಯಿರಿ.

ಇದೆಲ್ಲ ಇವತ್ತು ನೆನಪಾಗಲು ಕಾರಣ ಒಂದು ಸುಣ್ಣದ ಡಬ್ಬ. ರೇಷ್ಮೆಹುಳ ಮೊಟ್ಟೆಯೊಡೆದಾಗಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ಅದು ತಿನ್ನುವುದಿಲ್ಲ, ಹರಿದಾಡುವುದಿಲ್ಲ, ತಲೆಯೆತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಾಗ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು. ಇವತ್ತು ಭಾನುವಾರ, ಕಂಪನಿಗೆ ರಜೆ. ಹುಳದ ಮನೆಯ ಮೂಲೆಯಲ್ಲಿದ್ದ ಹಳೇ ಸುಣ್ಣದ ಡಬ್ಬ ತೆಗೆದರೆ ತಳದಲ್ಲಿ ಫೋಟೋ ಸ್ಟುಡಿಯೋದ ಒಂದು ಕವರು. ಒಳಗೆ ನನ್ನವೇ ಎಂಟು ಫೋಟೋ, ವೀಸಾದ ಅಳತೆಯವು. ಕಿವಿ ಎರಡೂ ಕಾಣಬೇಕು, ಹಲ್ಲು ಕಾಣಬಾರದು ಎಂದು ಸ್ಟುಡಿಯೋದವನು ಹೇಳಿದ್ದ. ನನ್ನ ಮುಖದಲ್ಲಿ ಹಲ್ಲು ಮುಚ್ಚಿದರೆ ಉಳಿಯುವುದು ಕಿವಿ ಮಾತ್ರ. ಎಂಟಕ್ಕೆ ಎಂಟೂ ಹಾಗೇ ಇವೆ, ಒಂದೂ ಖರ್ಚಾಗಿಲ್ಲ. ಅವನ್ನು ಕೈಯಲ್ಲಿ ಹಿಡಿದು, ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆಯ ನಡುವೆ ಸ್ವಲ್ಪ ಹೊತ್ತು ನಾನೂ ಜ್ವರ ಬಂದ ಹುಳದ ಹಾಗೆ ತಲೆಯೆತ್ತಿಕೊಂಡು ಕೂತಿದ್ದೆ.

ನನ್ನ ಪರಿಚಯ ನಿಮಗಿಲ್ಲ. ನಮ್ಮೂರು ಸುಗಟೂರು. ಕೆಲಸ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಉಪಕಸುಬು ಬೇರೆಯವರ ದನಿ ಮಾಡುವುದು. ನಮ್ಮ ಶಿಫ್ಟಿನ ಸೂಪರ್‌ವೈಸರು ಶೀನುವ ಮೊದಲು ಕ್ಷಮೆ ಕೇಳುವ ರೀತಿ, ಕಂಪನಿ ಬಸ್ಸಿನ ಡ್ರೈವರು ಬ್ರೇಕಿನ ಜೊತೆಗೇ ಬೈಗುಳ ಒತ್ತುವ ರೀತಿ, ಡೇರಿಯ ಸೆಕ್ರೆಟರಿ ಹಾಲಿನಲ್ಲಿ ನೀರಿದೆ ಎನ್ನುವುದನ್ನು ದೇವರ ಮೇಲೆ ಹಾಕಿ ಹೇಳುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿವೆ. ಬ್ಯಾಂಕ್ ಮ್ಯಾನೇಜರ ಮುಂದೆ ನಿಂತ ನನ್ನ ದನಿಯನ್ನೂ ನಾನೇ ಮಾಡಬಲ್ಲೆ; ಜನ ಬಿದ್ದು ಬಿದ್ದು ನಗುತ್ತಾರೆ. ನಿನ್ನ ಸ್ವಂತ ದನಿ ಯಾವುದೋ ಎಂದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ನನ್ನ ಬುಟ್ಟಿಯಲ್ಲಿ ಅತ್ಯುತ್ತಮ ಸರಕೆಂದರೆ ವಿಶಾಲಾಕ್ಷಿ ಮಿಸ್ಸು. ಅಂದರೆ ನಮ್ಮತ್ತೆ, ಅಪ್ಪನ ಅಕ್ಕ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಮಾಜ ವಿಜ್ಞಾನ ಹೇಳಿದವರು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಬರೆದವರಿಗೆ ಸಾವಿರದ ನಾನೂರ ಐವತ್ತಮೂರು ಎಂದರೆ ಸಾಕು, ನಿದ್ದೆಯಲ್ಲೂ ಉತ್ತರ ಬರುತ್ತದೆ: ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಯುರೋಪಿನ ವ್ಯಾಪಾರದ ದಾರಿ ಮುಚ್ಚಿತು, ಹೊಸ ದಾರಿ ಹುಡುಕಿಕೊಂಡು ಹಡಗುಗಳು ಹೊರಟವು. ಸ್ವಂತ ಮದುವೆಯ ತಾರೀಕು ಮರೆತವರಿಗೂ ಈ ಇಸವಿ ಮರೆಯುವುದಿಲ್ಲ. ಅತ್ತೆ ಆ ಪಾಠವನ್ನು ಎಷ್ಟು ಸಲ ಮಾಡಿದ್ದರೋ, ಸೀಮೆಸುಣ್ಣ ಹಿಡಿಯದಿದ್ದರೂ ಅವರ ಬಲಗೈ ಗಾಳಿಯಲ್ಲಿ ಆ ಊರಿನ ಕೋಟೆಗೋಡೆ ಎಳೆಯುತ್ತಿತ್ತು.

ಮದುವೆ, ನಾಮಕರಣ ಎಲ್ಲಿ ಸೇರಿದರೂ ಮಿಸ್ಸನ್ನು ಮಾಡು ಎಂದು ನೆಂಟರು ನನ್ನನ್ನು ನಿಲ್ಲಿಸುತ್ತಿದ್ದರು. ನಾನು ಕನ್ನಡಕ ಮೂಗಿನ ತುದಿಗೆ ಜಾರಿಸಿ, ಕೋಟೆಗೋಡೆ ಎಳೆದು, ಕೊನೆಗೆ ಉತ್ತರ ಗೊತ್ತಿಲ್ಲದ ಒಬ್ಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ರಾಗವಾಗಿ ಹೇಳುತ್ತಿದ್ದೆ: "ಕಾನ್‌ಸ್ಟಾಂಟಿನೋಪಲ್ ನಿಂಗೆ ದೂರ ಆಯ್ತು ಕಣಮ್ಮ. ಸೊಪ್ಪಿನ ತೋಟ ಹತ್ತಿರ, ಅಲ್ಲಿಗೆ ಹೋಗು." ಅಲ್ಲಿಗೆ ಚಪ್ಪಾಳೆ. ಅತ್ತೆಯೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಅಥವಾ ಸೆರಗು ಬಾಯಿಗೆ ಒತ್ತಿಕೊಂಡಿದ್ದನ್ನು ನಾನು ನಗು ಎಂದುಕೊಂಡಿದ್ದೆ. ಆ ಕೊನೆಯ ಸಾಲು ನನ್ನ ಸೃಷ್ಟಿಯಲ್ಲ. ಅದೇ ಸ್ಕೂಲಿನಲ್ಲಿ ಓದಿದ್ದ ನಂಗಲಿಯ ನಮ್ಮ ಸೋದರಮಾವ ಹೇಳಿಕೊಟ್ಟಿದ್ದು. ಯಾರೋ ಒಬ್ಬ ಹುಡುಗಿಗೆ ಮಿಸ್ಸು ಹಾಗೆ ಅಂದಿದ್ದರಂತೆ. ಯಾರು ಆ ಹುಡುಗಿ ಎಂದು ನಾನು ಕೇಳಲಿಲ್ಲ. ಮಾಲು ಚೆನ್ನಾಗಿದ್ದರೆ ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ನನಗಿರಲಿಲ್ಲ.

ಅಮ್ಮನ ಹೆಸರು ಸುಶೀಲ. ತವರು ನಂಗಲಿ, ಆಂಧ್ರದ ಗಡಿ. ಅಮ್ಮ ಕನ್ನಡದಲ್ಲಿ ಬೈದರೆ ಆ ಹೊತ್ತಿನ ಊಟ ಸಿಗುತ್ತದೆ, ತೆಲುಗಿನಲ್ಲಿ ಬೈದರೆ ಸಿಗುವುದಿಲ್ಲ; ಇಷ್ಟು ವ್ಯಾಕರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ದಿನಾ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ಅತ್ತೆಯ ಕ್ಲಾಸಿನಲ್ಲೇ ಓದಿದವಳು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ಪಾಸಾಗಿ ಸಮಾಜದಲ್ಲಿ ಫೇಲಾದಳು. ಮತ್ತೆ ಕಟ್ಟಲಿಲ್ಲ. ಆರೇಳು ವರ್ಷದ ಮೇಲೆ ಅತ್ತೆ ತಮ್ಮನಿಗೆ ಹೆಣ್ಣು ನೋಡಲು ನಂಗಲಿಗೆ ಹೋದರೆ, ಕಾಫಿ ತಟ್ಟೆ ಹಿಡಿದು ಬಂದ ಹುಡುಗಿ ಅಭ್ಯಾಸಬಲದಿಂದ ನಮಸ್ತೇ ಮಿಸ್ ಎಂದಳಂತೆ. ಇಂದಿಗೂ ಅಮ್ಮ ಅತ್ತಿಗೆ ಎನ್ನುವುದಿಲ್ಲ, ಮಿಸ್ ಎಂದೇ ಕರೆಯುತ್ತಾಳೆ. ಅವರು ಮನೆಗೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಾಳೆ. ಇದನ್ನೂ ನಾನು ಮಾಡಿ ತೋರಿಸುತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಅತ್ತೆ ರಿಟೈರಾದರು. ಅವರ ಗಂಡ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು, ಮಕ್ಕಳಿಲ್ಲ. ಒಂದು ಭಾನುವಾರ ನಮ್ಮನೆಗೆ ಬಂದು, ಮುದ್ದೆ ಮುರಿಯುತ್ತಾ, ಪಕ್ಕದ ಊರಿನ ಜಾತ್ರೆಗೆ ಕರೆಯುವಷ್ಟೇ ಸಲೀಸಾಗಿ ಹೇಳಿದರು, ಇಸ್ತಾಂಬುಲ್‌ಗೆ ಹೋಗೋಣ, ನಾಲ್ಕು ಜನ, ಎಂಟು ದಿನ. ಅದೇ ಕಾನ್‌ಸ್ಟಾಂಟಿನೋಪಲ್, ಈಗಿನ ಹೆಸರು. ಅಪ್ಪ ಮುದ್ದೆ ನುಂಗುವುದನ್ನು ಮರೆತರು. ಅಪ್ಪನ ಭೂಗೋಳ ಉತ್ತರಕ್ಕೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಪೂರ್ವಕ್ಕೆ ತಿರುಪತಿಯವರೆಗೆ. ನಾನಂತೂ ಆಗಲೇ ವಿಮಾನದೊಳಗೆ ಗಗನಸಖಿಯ ದನಿ ಶುರು ಮಾಡಿದ್ದೆ.

ಅತ್ತೆಗೆ ಒಂದೇ ಷರತ್ತು. ಸುಶೀಲ ಬರಲೇಬೇಕು. ಅವಳಿಲ್ಲದಿದ್ದರೆ ನಾನೂ ಹೋಗಲ್ಲ ಎಂದರು. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ ಕೈ ತೊಳೆಯುತ್ತಾ, ಅತ್ತ ತಿರುಗಿಕೊಂಡೇ ಹೇಳಿದರು: "ಆ ಊರನ್ನ ಸಾವಿರಾರು ಮಕ್ಕಳಿಗೆ ತೋರಿಸಿದ್ದೀನಿ ಕಣೋ, ನಾನೇ ನೋಡದೆ. ನೋಡೋವಾಗ ನನ್ನ ಪಕ್ಕದಲ್ಲಿ ನನ್ನ ಕ್ಲಾಸಿನವಳು ಒಬ್ಬಳಾದ್ರೂ ಬೇಡ್ವಾ?"

ಅಮ್ಮ ಸಾಮಾನ್ಯವಾಗಿ ಯಾವ ಪ್ರಯಾಣಕ್ಕೂ ಮೊದಲು ಇಲ್ಲ ಎನ್ನುವವಳು. ಅವತ್ತು ತಕ್ಷಣ, ಬರ್ತೀನಿ ಮಿಸ್ ಎಂದಳು. ಅತ್ತೆ ಉತ್ಸಾಹದಿಂದ ಇನ್ನೊಂದು ಕಥೆ ತೆಗೆದರು. ಬಹಳ ಹಿಂದೆ ಚೀನಾದವರು ರೇಷ್ಮೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲವಂತೆ. ಇಬ್ಬರು ಸನ್ಯಾಸಿಗಳು ಊರುಗೋಲಿನ ಟೊಳ್ಳಿನಲ್ಲಿ ಹುಳದ ಮೊಟ್ಟೆ ಬಚ್ಚಿಟ್ಟುಕೊಂಡು ಅಷ್ಟು ದೂರದಿಂದ ಆ ಊರಿನ ರಾಜನಿಗೆ ತಂದುಕೊಟ್ಟರಂತೆ. ಅಮ್ಮ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡು, ಎದ್ದು ನಿಂತೇ ಕೇಳಿದಳು: "ಎಷ್ಟು ದಿನದ ದಾರಿ ಮಿಸ್? ಬೆಚ್ಚಗಾದ್ರೆ ಮೊಟ್ಟೆ ಹತ್ತು ದಿನಕ್ಕೆ ಮರಿ ಆಗ್ಬಿಡ್ತವೆ. ದಾರೀಲಿ ಸೊಪ್ಪು ಎಲ್ಲಿತ್ತು ಅವಕ್ಕೆ?" ಅತ್ತೆಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಅಷ್ಟೇ ಇರುವುದು ಎಂದುಬಿಟ್ಟರು. ಅಮ್ಮನ ಮುಖದಲ್ಲಿ ಒಂದು ಬೆಳಕು ಬಂದು ಹೋದದ್ದನ್ನು ನಾನು ನೋಡಿದೆ. ಅದರ ಅರ್ಥ ಆಗ ಗೊತ್ತಾಗಲಿಲ್ಲ.

ರೇಷ್ಮೆ ಮಾಡುವ ಮನೆಯವರು ಪಂಚಾಂಗ ನೋಡಿ ಪ್ರಯಾಣ ಹೊರಡುವುದಿಲ್ಲ, ಹುಳ ನೋಡಿ ಹೊರಡುತ್ತಾರೆ. ಹುಳ ಮನೆಯಲ್ಲಿದ್ದಷ್ಟು ದಿನ ಮದುವೆಯಿಲ್ಲ, ಮುಂಜಿಯಿಲ್ಲ, ಊದುಬತ್ತಿಯಿಲ್ಲ, ಸೊಳ್ಳೆಬತ್ತಿಯಿಲ್ಲ, ಒಗ್ಗರಣೆಯ ಘಾಟು ಕೂಡ ಆ ಕಡೆ ಸುಳಿಯುವಂತಿಲ್ಲ. ಹಾಗಾಗಿ ಇಸ್ತಾಂಬುಲ್‌ನ ಯೋಜನೆ ಹುಳದ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೇ ನಡೆಯಿತು. ಇರುವ ಬೆಳೆ ಗೂಡಾಗಿ ಮಾರುಕಟ್ಟೆಗೆ ಹೋಗಬೇಕು. ಆಮೇಲೆ ಒಂದು ಬೆಳೆ ಹಾಕದೆ ಖಾಲಿ ಬಿಡಬೇಕು. ಆ ಖಾಲಿ ದಿನಗಳಲ್ಲಿ ಬೆಂಗಳೂರಿನ ವೀಸಾ ಕೇಂದ್ರಕ್ಕೆ ನಾಲ್ವರೂ ಹೋಗಿ ಅರ್ಜಿ ಕೊಟ್ಟು ಬರಬೇಕು, ಅದು ಮಂಗಳವಾರ ಬೆಳಿಗ್ಗೆ. ಅಮ್ಮನೇ ಆ ಮಂಗಳವಾರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಹುಳದ ಜ್ವರ ಬಿಟ್ಟರೆ ಆ ಕ್ಯಾಲೆಂಡರಿನಲ್ಲಿ ಗುರುತು ಬಿದ್ದ ಮೊದಲ ಸಂಗತಿ ಅದು.

ಮುನಿರಾಜಣ್ಣ ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಮಹಡಿಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದವರು. ತಿರುಪತಿ, ಧರ್ಮಸ್ಥಳ, ಕಾಶಿ ಅವರ ಅಂಗೈ ಮೇಲಿದ್ದವು. ಇಸ್ತಾಂಬುಲ್ ಅವರಿಗೂ ಹೊಸದು. ಅದಕ್ಕೇ ಜಾಸ್ತಿ ಧೈರ್ಯವಾಗಿ ಮಾತಾಡುತ್ತಿದ್ದರು. ಅಲ್ಲಿ ದರ್ಶನ ಬೇಗ ಆಗುತ್ತೆ ಸಾರ್ ಎಂದು ಅಪ್ಪನಿಗೆ ಭರವಸೆ ಕೊಟ್ಟರು. ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ತನ್ನಿ, ನೀವು ರೈತರು ಅಂತ ಅವರಿಗೆ ನಂಬಿಕೆ ಬರಬೇಕು ಎಂದರು. ಅಪ್ಪ ತಮ್ಮ ಅಂಗೈ ತೋರಿಸಿ, ಇದಕ್ಕಿಂತ ಸಾಕ್ಷಿ ಬೇಕಾ ಎಂದು ಕೇಳಿದರು. ಹೊರಡುವಾಗ ಮುನಿರಾಜಣ್ಣ ಇನ್ನೊಂದು ಮಾತು ಸೇರಿಸಿದರು. ವೀಸಾದವರು ಒಂದೊಂದು ಸಲ ಫೋನ್ ಮಾಡಿ ವಿಚಾರಿಸುತ್ತಾರೆ, ಗಾಬರಿ ಬೀಳಬೇಡಿ, ಕೇಳಿದ್ದಕ್ಕೆ ಉತ್ತರ ಹೇಳಿ.

ಆ ಮಾತು ನನ್ನ ಗಂಟಲಿಗೆ ಬಿತ್ತು. ಅವತ್ತೂ ಮಂಗಳವಾರವೇ, ಅಪಾಯಿಂಟ್‌ಮೆಂಟಿಗೆ ಸರಿಯಾಗಿ ಮೂರು ವಾರ ಇತ್ತು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಊಟ ಮುಗಿಸಿ, ಗೆಳೆಯನ ಮೊಬೈಲು ಇಸಿದುಕೊಂಡು, ಉತ್ತರ ಭಾರತದವರ ಹಾಗೆ ನಾಲಿಗೆ ಮಡಚಿ ಅಮ್ಮನಿಗೆ ಫೋನ್ ಮಾಡಿದೆ. ವೀಸಾ ಕೇಂದ್ರದಿಂದ ಮಾತಾಡುತ್ತಿದ್ದೇವೆ ಎಂದೆ. ಬರುವ ದಿನ ಸಂದರ್ಶನ ಇರುತ್ತದೆ, ಆ ನಗರದ ಇತಿಹಾಸದ ಬಗ್ಗೆ ಐದು ಪ್ರಶ್ನೆ, ಮೂರಕ್ಕೆ ಸರಿಯುತ್ತರ ಬಂದರೆ ಪಾಸು, ಇಲ್ಲದಿದ್ದರೆ ಇಡೀ ಕುಟುಂಬದ ಅರ್ಜಿ ವಾಪಸ್ಸು ಎಂದೆ. ಸ್ಯಾಂಪಲ್‌ಗೆ ಒಂದು ಕೇಳಲೇ ಎಂದು ಸಾವಿರದ ನಾನೂರ ಐವತ್ತಮೂರು ಎಂದೆ. ಖಾಲಿಯಾದ ಹುಳದ ಮನೆ ತೊಳೆಯುವ ನೀರಿನ ಸದ್ದು ಮಾತ್ರ ಫೋನಿನಲ್ಲಿ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅಮ್ಮ, "ಆಗ್ಲಿ ಸಾರ್" ಎಂದು ಇಟ್ಟುಬಿಟ್ಟಳು. ಕ್ಯಾಂಟೀನಿನಲ್ಲಿ ನಗುವೋ ನಗು. ಸೂಪರ್‌ವೈಸರು ಕೂಡ ಕ್ಷಮೆ ಕೇಳದೆ ಶೀನಿದರು.

ಸಂಜೆ ಮನೆಗೆ ಹೋಗಿ ಎಲ್ಲರ ಮುಂದೆ ಬಾಯಿ ಬಿಡುವುದು ನನ್ನ ಲೆಕ್ಕಾಚಾರ. ಆದರೆ ಮೊದಲು ಅಮ್ಮ ಹೇಳಬೇಕು: ಹೀಗೊಂದು ಫೋನ್ ಬಂದಿತ್ತು ಎಂದು. ಆಗಲ್ಲವೇ ರುಚಿ? ಕಾದೆ. ಅಮ್ಮ ಸಾರು ಬಡಿಸಿದಳು, ಮೊಸರು ಬಡಿಸಿದಳು, ಏನೂ ಹೇಳಲಿಲ್ಲ. ಮಾರನೇ ದಿನವೂ ಕಾದೆ. ಹೇಳದೆ ಇಟ್ಟ ಜೋಕು ಮೊಸರಿನ ಹಾಗೆ, ಎರಡನೇ ದಿನಕ್ಕೆ ಹುಳಿ ಹಿಡಿಯುತ್ತದೆ. ಮೂರನೇ ದಿನ ಮುಚ್ಚಳ ತೆಗೆಯಲು ನನಗೇ ಧೈರ್ಯ ಬರಲಿಲ್ಲ.

ಶುಕ್ರವಾರ ಡ್ಯೂಟಿ ಮುಗಿಸಿ ಬಂದರೆ ಹುಳದ ಮನೆಯ ಬಾಗಿಲಲ್ಲಿ ಅಪ್ಪ ಬಾಯಿ ತೆರೆದುಕೊಂಡು ನಿಂತಿದ್ದರು. ತೊಳೆದು, ಔಷಧಿ ಹೊಡೆದು, ಖಾಲಿ ಬಿಟ್ಟಿದ್ದ ಸ್ಟ್ಯಾಂಡುಗಳ ಮೇಲೆ ಹೊಸ ಹುಳ ಹರಿಯುತ್ತಿದ್ದವು. ಎರಡನೇ ಜ್ವರ ದಾಟಿಸಿ ಮಾರುವ ಮರಿಗಳಿಗೆ ಚಾಕಿ ಹುಳ ಎನ್ನುತ್ತಾರೆ. ಯಾರಿಗೂ ಹೇಳದೆ, ಅಮ್ಮ ಆಟೋ ಮಾಡಿಕೊಂಡು ಚಾಕಿ ಕೇಂದ್ರಕ್ಕೆ ಹೋಗಿ ಹೊಸ ಬೆಳೆಗೆ ಮರಿ ತಂದು ಬಿಟ್ಟಿದ್ದಳು. ಅಪ್ಪ ಬೆರಳು ಮಡಚಿ ಎಣಿಸಿದರು. ನಾನೂ ಎಣಿಸಿದೆ. ಚಾಕಿ ತಂದ ಮೇಲೆ ಹುಳ ಹಣ್ಣಾಗಲು ಹದಿನೇಳು, ಹದಿನೆಂಟು ದಿನ. ಹಣ್ಣಾಗುವುದು ಎಂದರೆ ತಿನ್ನುವುದು ನಿಲ್ಲಿಸಿ, ಮೈ ಹೊಂಬಣ್ಣಕ್ಕೆ ತಿರುಗಿ, ನೂಲು ಬಿಡಲು ತಯಾರಾಗುವುದು. ಆ ಒಂದೆರಡು ದಿನ ಒಂದೊಂದನ್ನೂ ಕೈಯಿಂದ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ಮನೆಯಿಂದ ಯಾರೂ ಕದಲುವಂತಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಎಣಿಸಿದರೆ ಆ ದಿನ ಪೆನ್ಸಿಲಿನ ಸುತ್ತಿನೊಳಗೇ ಹೋಗಿ ಕೂರುತ್ತಿತ್ತು. ಮೂವತ್ತು ವರ್ಷ ಹುಳ ಸಾಕಿದವಳಿಗೆ ಈ ಲೆಕ್ಕ ತಪ್ಪುವುದುಂಟೇ?

ಅಪ್ಪ ಕೇಳಿದ್ದಕ್ಕೆ, ಸೊಪ್ಪು ತೋಟದಲ್ಲಿ ಬಲಿತು ಹೋಗುತ್ತಿತ್ತು, ನೀವು ಹೋಗಿ ಬನ್ನಿ, ನಾನು ಇರುತ್ತೇನೆ ಎಂದಳು. ಮತ್ತೆ ಕೇಳಿದ್ದಕ್ಕೆ ತೆಲುಗಿನಲ್ಲಿ ಏನೋ ಅಂದಳು. ಅಪ್ಪ ಬೋರ್‌ವೆಲ್ ಮೋಟರು ನೋಡಿಬರುತ್ತೇನೆಂದು ಹೊರಟುಹೋದರು. ನಮ್ಮಪ್ಪನಿಗೆ ಸಂಕಟವಾದಾಗಲೆಲ್ಲ ಮೋಟರು ಕೆಡುತ್ತದೆ.

ಅತ್ತೆಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಅವರ ದನಿ ನಾನು ಯಾವತ್ತೂ ಮಾಡಿರದ ದನಿಯಾಗಿತ್ತು, ಸಣ್ಣದು, ಒಣಗಿದ್ದು. ಬೇಕೆಂದೇ ಮಾಡಿದ್ದಾಳೆ ಅಲ್ಲವೇ ಎಂದು ಕೇಳಿದರು. ನನ್ನ ಜೊತೆ ಬರಲು ಇಷ್ಟವಿಲ್ಲದಿದ್ದರೆ ಅವತ್ತೇ ಹೇಳಬಹುದಿತ್ತು, ಬರ್ತೀನಿ ಮಿಸ್ ಎಂದು ಯಾಕೆ ಅನ್ನಬೇಕಿತ್ತು, ಎಲ್ಲ ರದ್ದು ಮಾಡಿಸು ಎಂದರು. ರದ್ದು ಬೇಡ ಅತ್ತೆ, ನಾನು ಮಾತಾಡ್ತೀನಿ ಎಂದೆ. ಏನು ಮಾತಾಡುವುದು? ಕಂಪನಿ ಬಸ್ಸಿನ ಕಿಟಕಿ ಪಕ್ಕ ಕೂತು ದಿನಾ ರಿಹರ್ಸಲ್ ಮಾಡಿದೆ. ಅಮ್ಮ, ಆ ಫೋನು ನಾನೇ ಮಾಡಿದ್ದು. ಇದನ್ನು ಸೂಪರ್‌ವೈಸರ ದನಿಯಲ್ಲಿ ಹೇಳಿ ನೋಡಿದೆ, ಡೇರಿ ಸೆಕ್ರೆಟರಿಯ ದನಿಯಲ್ಲಿ ದೇವರ ಮೇಲೆ ಹಾಕಿ ನೋಡಿದೆ. ಎಲ್ಲರ ದನಿಯಲ್ಲೂ ಚೆನ್ನಾಗಿ ಬರುತ್ತಿತ್ತು. ಮನೆ ಬಾಗಿಲು ದಾಟಿ ನನ್ನ ದನಿಯಲ್ಲಿ ಹೇಳಬೇಕೆಂದರೆ ಗಂಟಲಿನಲ್ಲಿ ಏನೂ ಇರುತ್ತಿರಲಿಲ್ಲ.

ಮುಂದಿನ ವಾರದ ಭಾನುವಾರ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಹುಳ ಸಾಕುವವರಿಗೆ ಬಿಡುವು ಸಿಗುವುದು ಆಗ ಮಾತ್ರ. ಸೊಪ್ಪು ಹಾಕುವ ಹಾಗಿಲ್ಲ. ಮಧ್ಯಾಹ್ನ ಹುಳದ ಮನೆಯ ಕಡೆ ಹೋದೆ. ನೊಣ ಬರದ ಹಾಗೆ ಹಾಕಿದ ಬಲೆಯ ಬಾಗಿಲು. ಒಳಗೆ ವಿಶಾಲಾಕ್ಷಿ ಮಿಸ್ಸಿನ ದನಿ.

ಅತ್ತೆ ಯಾವಾಗ ಬಂದರು ಎಂದು ಬೆಚ್ಚಿದೆ. ಬಲೆಗೆ ಕಣ್ಣು ಹಚ್ಚಿ ನೋಡಿದರೆ ಒಳಗಿದ್ದವಳು ಅಮ್ಮ ಒಬ್ಬಳೇ. ಗೋಣಿಚೀಲದ ಮೇಲೆ ಕೂತಿದ್ದಾಳೆ. ತೊಡೆಯ ಮೇಲೆ ಪಕ್ಕದ ಮನೆಯ ಹುಡುಗಿಯ ಹತ್ತನೇ ಕ್ಲಾಸಿನ ಸಮಾಜ ಪುಸ್ತಕ. ಮಿಸ್ಸಿನ ದನಿಯಲ್ಲಿ ಪ್ರಶ್ನೆ ಕೇಳುತ್ತಾಳೆ, ತನ್ನ ದನಿಯಲ್ಲಿ ಉತ್ತರ ಹೇಳುತ್ತಾಳೆ. ಆ ದನಿ! ನಾನು ಇಷ್ಟು ವರ್ಷ ಮಾರಿದ್ದು ಅದರ ನೆರಳು ಅಷ್ಟೇ. ಅಕ್ಷರದ ಕೊನೆಗೆ ಅತ್ತೆ ಉಸಿರು ಎಳೆದುಕೊಳ್ಳುವುದೂ ಇತ್ತು. ನನ್ನ ವಿದ್ಯೆ ಎಲ್ಲಿಂದ ಬಂತು ಎಂದು ಮೊದಲ ಸಲ ಗೊತ್ತಾಯಿತು. ನಾಲ್ಕನೇ ಪ್ರಶ್ನೆಗೆ ಅಮ್ಮ ತಡವರಿಸಿದಳು. ಪುಸ್ತಕ ಮುಚ್ಚಿದಳು. ಮಿಸ್ಸಿನ ದನಿಯಲ್ಲೇ, ಆದರೆ ನನ್ನ ಹಾಗೆ ರಾಗವಿಲ್ಲದೆ, ಮೆಲ್ಲಗೆ ತನಗೆ ತಾನೇ ಹೇಳಿಕೊಂಡಳು: "ಕಾನ್‌ಸ್ಟಾಂಟಿನೋಪಲ್ ನಿಂಗೆ ದೂರ ಆಯ್ತು ಕಣಮ್ಮ."

ಸುತ್ತ ಸಾವಿರಾರು ಹುಳ ತಲೆಯೆತ್ತಿಕೊಂಡು ಅಲುಗದೆ ಕೂತಿದ್ದವು, ಇಡೀ ಕ್ಲಾಸು ನೋಡುತ್ತಿರುವ ಹಾಗೆ. ಆ ಹುಡುಗಿ ಯಾರೆಂದು ಇನ್ನು ಸೋದರಮಾವನನ್ನು ಕೇಳುವ ಅಗತ್ಯ ಇರಲಿಲ್ಲ. ಎಷ್ಟು ಮದುವೆ, ಎಷ್ಟು ನಾಮಕರಣ, ಎಷ್ಟು ಚಪ್ಪಾಳೆ ಎಂದು ಎಣಿಸುತ್ತಾ ಬಲೆಯ ಹೊರಗೆ ನಿಂತೆ. ಒಳಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಅಲ್ಲಿಂದ ಇನ್ನೂ ಎಂಟು ದಿನ ಹೇಳಲಿಲ್ಲ. ನನ್ನನ್ನು ಬೈಯಬೇಕು ಅನ್ನಿಸಿದರೆ ಇಲ್ಲಿ ಬೈಯಿರಿ, ಸರಿಯಾದ ಜಾಗ.

ಅಪಾಯಿಂಟ್‌ಮೆಂಟಿನ ಹಿಂದಿನ ದಿನ, ಸೋಮವಾರ ಬೆಳಗಾಗುವಷ್ಟರಲ್ಲಿ ಹುಳ ಹಣ್ಣಾಗತೊಡಗಿದವು. ನಾನು ರಜೆ ಹಾಕಿದೆ. ಅತ್ತೆ ಭಾನುವಾರವೇ ಬ್ಯಾಗಿನ ಸಮೇತ ಬಂದಿದ್ದರು. ಎಲ್ಲ ರದ್ದು ಎಂದವರು ಬ್ಯಾಗು ಯಾಕೆ ತಂದರೋ, ಯಾರೂ ಕೇಳಲಿಲ್ಲ. ಅಮ್ಮನೂ ಅವರೂ ಒಂದು ಮಾತೂ ಆಡಿರಲಿಲ್ಲ. ಅಷ್ಟು ಹುಳ ಇಬ್ಬರು ಮೂವರ ಕೈಗೆ ಆಗುವಂಥದ್ದಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಹುಳದ ಮನೆಗೆ ಬಂದರು. ನಾಲ್ವರೂ ಬಗ್ಗಿ ಆಯತೊಡಗಿದೆವು. ಇನ್ನೂ ತಿನ್ನುತ್ತಿದ್ದ ಹುಳಗಳ ಸದ್ದು, ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಬರೆಯುವಾಗ ಆಗುತ್ತದಲ್ಲ, ಹಾಗೆ.

ಹನ್ನೊಂದಕ್ಕೆ ಅಪ್ಪನ ಫೋನು ಹೊಡೆದುಕೊಂಡಿತು. ಅಮ್ಮನ ಕೈಯಲ್ಲಿದ್ದ ಹುಳ ಕೆಳಗೆ ಬಿತ್ತು. ಮುನಿರಾಜಣ್ಣ. ನಾಳೆ ಎಷ್ಟು ಜನ, ನಾಲ್ಕೋ ಮೂರೋ ಸೊನ್ನೆಯೋ, ಮಧ್ಯಾಹ್ನದೊಳಗೆ ಹೇಳದಿದ್ದರೆ ಇನ್ನು ಎರಡು ತಿಂಗಳು ದಿನ ಸಿಗುವುದಿಲ್ಲ, ಟಿಕೆಟ್ಟಿನ ತಾರೀಕೂ ದಾಟಿಹೋಗುತ್ತದೆ. ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡು ಅಕ್ಕನನ್ನು ನೋಡಿದರು. ಅತ್ತೆ ತಲೆಯೆತ್ತದೆ, ಸೊನ್ನೆ ಅಂತ ಹೇಳು ಎಂದರು. ಅಪ್ಪ ಫೋನು ಕಿವಿಗೆ ಎತ್ತಿದರು.

"ಅಮ್ಮ, ಆ ಫೋನು ನಾನೇ ಮಾಡಿದ್ದು."

ಯಾರ ದನಿಯಲ್ಲಿ ಬಂತು ಎಂದು ನನಗೂ ಗೊತ್ತಿಲ್ಲ. ಒಡೆದಿತ್ತು, ಕೀರಲಾಗಿತ್ತು, ಚಪ್ಪಾಳೆ ಬೀಳುವಂಥದ್ದಲ್ಲ. ಬಹುಶಃ ನನ್ನದೇ ಇರಬೇಕು. ಒಂದು ಸಲ ಬಂದ ಮೇಲೆ ಉಳಿದದ್ದೂ ಬಂತು. ಸಂದರ್ಶನ ಇಲ್ಲ, ಪ್ರಶ್ನೆ ಇಲ್ಲ, ಪಾಸು ಫೇಲು ಇಲ್ಲ, ಕ್ಯಾಂಟೀನಿನಲ್ಲಿ ನಗಿಸಲು ಮಾಡಿದ್ದು. ಜ್ವರದ ದಿನ ಬಲೆಯ ಹೊರಗೆ ನಿಂತು ಕೇಳಿದ್ದನ್ನೂ ಹೇಳಿಬಿಟ್ಟೆ. ಸೊಪ್ಪಿನ ತೋಟದ ಮಾತು ಅಮ್ಮನಿಗೆ ಅಂದದ್ದು ಎಂದು ಗೊತ್ತಿಲ್ಲದೆ ಇಷ್ಟು ವರ್ಷ ಕುಣಿದೆ ಎಂದೂ ಹೇಳಿದೆ. ಅಪ್ಪ ಫೋನಿಗೆ, ಐದು ನಿಮಿಷ ಬಿಟ್ಟು ಮಾಡ್ತೀನಿ ಎಂದು ಕಟ್ ಮಾಡಿದರು.

ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಬಿದ್ದ ಹುಳವನ್ನು ಹುಡುಕಿ ಎತ್ತಿಕೊಂಡಳು. ಅತ್ತೆ ಕನ್ನಡಕ ತೆಗೆದರು. ಸುಣ್ಣ ಮೆತ್ತಿದ ಕೈಯಲ್ಲಿ ಒರೆಸಿ ಇನ್ನಷ್ಟು ಮಬ್ಬು ಮಾಡಿಕೊಂಡು ಮತ್ತೆ ಹಾಕಿಕೊಂಡರು.

"ನಿಂಗಾ ನಾನು ಹಾಗಂದಿದ್ದು?"

"ಪ್ರಿಪರೇಟರಿ ಪೇಪರ್ ಕೊಟ್ಟ ದಿನ ಮಿಸ್. ಎರಡನೇ ಬೆಂಚು."

"ನಂಗೆ ನೆನಪೇ ಇಲ್ವಲ್ಲೇ ಸುಶೀಲ."

"ನಿಮಗೆ ಎಷ್ಟು ಜನ ಮಕ್ಕಳು. ನಂಗೆ ನೀವೊಬ್ರೇ ಮಿಸ್ಸು."

ಅತ್ತೆ ಏನು ಮಾಡಬೇಕೆಂದು ತಿಳಿಯದೆ ಒಂದು ಹುಳ ಎತ್ತಿ ಚಂದ್ರಿಕೆಯಲ್ಲಿ ಇಟ್ಟರು. ಅಮ್ಮ ಕೈ ಚಾಚಿ ಅದನ್ನು ವಾಪಸ್ಸು ತೆಗೆದು ಸೊಪ್ಪಿನ ಮೇಲೆ ಬಿಟ್ಟಳು. ಇದಿನ್ನೂ ಹಣ್ಣಾಗಿಲ್ಲ ಮಿಸ್, ಕುತ್ತಿಗೆ ಹತ್ತಿರ ನೋಡಿ, ಬೆಳಕು ಆಚೆ ಕಡೆ ಕಾಣಬೇಕು ಎಂದಳು. ಅತ್ತೆ ಇನ್ನೊಂದನ್ನು ಎತ್ತಿ ಕಿಟಕಿಗೆ ಹಿಡಿದು, ಇದು ಎಂದು ಕೇಳಿದರು. ಅದೂ ಅಲ್ಲ. ಮೂರನೆಯದು ಸರಿಯಾಗಿತ್ತು. ಅಮ್ಮ ತಲೆಯಾಡಿಸಿದಳು. ಮೂವತ್ತು ವರ್ಷ ಪಾಠ ಹೇಳಿದ ಅತ್ತೆಯ ಮುಖ ಮೂರನೇ ಸಲಕ್ಕೆ ಪಾಸಾದ ಹುಡುಗಿಯ ಮುಖದ ಹಾಗಾಯಿತು. ಆಮೇಲೆ ಕಣ್ಣೊರೆಸಿಕೊಳ್ಳದೆಯೇ ಹೇಳಿದರು: "ಮೊಟ್ಟೆಗೆ ದಾರೀಲಿ ಸೊಪ್ಪು ಎಲ್ಲಿತ್ತು ಅಂತ ಕೇಳಿದ್ಯಲ್ಲ, ಅದಕ್ಕೆ ನಂಗೆ ಉತ್ತರ ಗೊತ್ತಿಲ್ಲ. ಅಲ್ಲಿಗೇ ಹೋಗಿ ಕೇಳೋಣ, ಬಾರೇ."

ಅಪ್ಪ ಗಂಟಲು ಸರಿ ಮಾಡಿಕೊಂಡು, ನಾಳೆ ಹಿಂದುಳಿದ ಹುಳ ಆಯಲು ನಾನು ಮನೆಯಲ್ಲಿ ಉಳಿಯುತ್ತೇನೆ, ನೀವು ಮೂರು ಜನ ಹೋಗಿಬನ್ನಿ, ಮೋಟರು ಬೇರೆ ನೋಡಬೇಕು ಎಂದರು. ಆಗಲೇ ಅಮ್ಮ ನನ್ನ ಕಡೆ ತಿರುಗಿದ್ದು.

ಈ ಎಂಟು ಫೋಟೋ ಯಾಕೆ ಹಾಗೇ ಉಳಿದವು ಎಂದು ಈಗ ನಿಮಗೆ ಗೊತ್ತಾಗಿರಬೇಕು. ನಮ್ಮನೆ ಹಜಾರದಲ್ಲಿ ಇಸ್ತಾಂಬುಲ್‌ನ ಫೋಟೋ ಇದೆ. ಹಳೇ ಕೋಟೆಗೋಡೆಯ ಮುಂದೆ ಅಪ್ಪನೂ ಸೇರಿ ಮೂರು ಜನ. ಅತ್ತೆಯ ಬಲಗೈ ಗಾಳಿಯಲ್ಲಿ ಏನೋ ಎಳೆಯುತ್ತಿದೆ. ಅಮ್ಮ ಗೈಡಿಗೆ ಸೊಪ್ಪಿನ ಪ್ರಶ್ನೆ ಕೇಳಿದಳಂತೆ. ಅವನಿಗೂ ಗೊತ್ತಿರಲಿಲ್ಲವಂತೆ. ಮೊಟ್ಟೆಯನ್ನು ತಂಪಾಗಿ ಇಡುವುದು ಹೇಗೆಂದು ಅಮ್ಮನೇ ಹೇಳಿಕೊಟ್ಟಳು, ಅತ್ತೆ ಇಂಗ್ಲಿಷಿಗೆ ಮಾಡಿದರು, ಅವನು ಬರೆದುಕೊಂಡ. ಈಗಲೂ ಅತ್ತೆ ಬಂದರೆ ಅಮ್ಮ ಎದ್ದು ನಿಲ್ಲುತ್ತಾಳೆ. ವ್ಯತ್ಯಾಸ ಇಷ್ಟೇ, ಅತ್ತೆಯೂ ಹುಳದ ಮನೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುತ್ತಾರೆ. ಮಿಸ್ಸಿನ ಐಟಮ್ಮನ್ನು ನಾನು ಬಿಟ್ಟಿದ್ದೇನೆ. ಉಳಿದವರು ನನ್ನಿಂದ ಇನ್ನೂ ಪಾರಾಗಿಲ್ಲ, ಆದರೆ ಮಾಲು ಎಲ್ಲಿಂದ ಬಂತು ಎಂದು ಈಗ ಒಂದು ಮಾತು ಕೇಳಿಕೊಳ್ಳುತ್ತೇನೆ.

ಫೋಟೋ ನೋಡಿದ ನೆಂಟರು, ನೀನ್ಯಾಕೋ ಇದರಲ್ಲಿ ಇಲ್ಲ ಎಂದು ಕೇಳುತ್ತಾರೆ. ಆಗ ಅಮ್ಮ ಆ ಸೋಮವಾರ ಆಡಿದ್ದನ್ನು ಹೇಳುತ್ತೇನೆ. ಅವಳ ದನಿಯಲ್ಲಿ ಮಾಡಿ ತೋರಿಸು ಎನ್ನುತ್ತಾರೆ. ಅದು ನನ್ನಿಂದ ಆಗುವುದಿಲ್ಲ. ಯಾಕೆಂದರೆ ಮಾತಿನ ಮೊದಲರ್ಧವನ್ನು ಅಮ್ಮ ಹೇಳಿದ್ದು ಮಿಸ್ಸಿನ ದನಿಯಲ್ಲಿ, ಸಾಕ್ಷಾತ್ ಮಿಸ್ಸಿನ ಎದುರಿಗೇ, ಕನ್ನಡಕ ಇಲ್ಲದ ಮೂಗಿನ ತುದಿಯಿಂದ ನನ್ನನ್ನು ನೋಡುತ್ತಾ. ಅತ್ತೆ ಮೊದಲು ಬೆಚ್ಚಿದರು, ಆಮೇಲೆ ಚಂದ್ರಿಕೆ ಹಿಡಿದುಕೊಂಡು ನಕ್ಕರು, ಹುಳ ಅಲುಗಾಡುವಷ್ಟು. ಉಳಿದರ್ಧ ಅಮ್ಮನ ಸ್ವಂತದ್ದು:

"ಇಸ್ತಾಂಬುಲ್ ನಿಂಗೆ ದೂರ ಆಯ್ತು ಕಣಪ್ಪ. ಸೊಪ್ಪಿನ ತೋಟ ಹತ್ತಿರ, ಅಲ್ಲಿಗೆ ಹೋಗು. ಹುಳಕ್ಕೆ ಕಿವಿ ಇಲ್ಲ, ಯಾರ ದನಿ ಬೇಕಾದ್ರೂ ಮಾಡ್ಕೊ."